ಹಿಮ್ಮಡಿಯ ಕ್ರಿಯಾಪದ

ಇಪ್ಪತ್ತೆರಡು ವರ್ಷ ನಾನು ಮಾಸ್ತರರಿಗೆ ಮಾಸ್ತರನಾಗಿದ್ದೆ. ಮಕ್ಕಳಿಗೆ ಕಲಿಸುವುದು ಯಾವ ದೊಡ್ಡ ಮಾತು? ಕಲಿಸುವವರಿಗೆ ಕಲಿಸಿ ನೋಡಿ, ಆಗ ಗೊತ್ತಾಗುತ್ತದೆ ಗಂಟಲು ಹೇಗೆ ಒಣಗುತ್ತದೆ ಎಂದು. ವಿಜಾಪುರದ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ಇಂಗ್ಲಿಷ್ ಬೋಧನೆಯ ವಿಷಯ ನನ್ನದು. ಶಾಲೆಯ ಹೆಸರು ಹೇಳುವುದಿಲ್ಲ. ಮಾಡಿದವನು ನಾನು, ಕಟ್ಟಡಕ್ಕೆ ಯಾಕೆ ಕೆಟ್ಟ ಹೆಸರು? ನನ್ನ ಹೆಸರು ಗುರುಪಾದಯ್ಯ, ಊರು ಬಬಲೇಶ್ವರ. ನನ್ನ ಕೈಯಲ್ಲಿ ಒಟ್ಟು ಹನ್ನೊಂದು ಮಂದಿ ನಾಪಾಸಾದರು. ಹತ್ತು ಮಂದಿಯ ಮುಖ ನೆನಪಿಲ್ಲ, ಅವರು ನಾಪಾಸಾಗಲೆಂದೇ ಹುಟ್ಟಿದವರು. ಹನ್ನೊಂದನೆಯವನು ತಿಕೋಟಾದ ದಶರಥ. ಅವನು ನಾಪಾಸಾಗಲಿಲ್ಲ, ನಾನು ಮಾಡಿದೆ. ಹೇಳುವುದನ್ನು ಹೇಳುತ್ತೇನೆ, ನಡುವೆ ಯಾರೂ ಅಯ್ಯೋ ಪಾಪ ಎನ್ನಬೇಡಿ. ನನಗೆ ಅದು ಸೇರುವುದಿಲ್ಲ.

ನಮ್ಮಲ್ಲಿ ಯಾವ ಪಾಠ ಮಾಡುವ ಮುಂಚೆಯೂ ಒಂದು ಟಿಪ್ಪಣಿ ಬರೆಯಬೇಕಿತ್ತು. ಮೊದಲ ಸಾಲಿನಲ್ಲಿ ಪಾಠದ ಉದ್ದೇಶ. ಆ ಉದ್ದೇಶ ಯಾವಾಗಲೂ ಒಂದೇ ಇಂಗ್ಲಿಷ್ ಕ್ರಿಯಾಪದದಿಂದ ಶುರುವಾಗುತ್ತಿತ್ತು: ಇನ್‌ಕಲ್ಕೇಟ್. ಮಕ್ಕಳಲ್ಲಿ ಶುಚಿತ್ವವನ್ನು ಇನ್‌ಕಲ್ಕೇಟ್ ಮಾಡುವುದು, ದೇಶಪ್ರೇಮವನ್ನು ಇನ್‌ಕಲ್ಕೇಟ್ ಮಾಡುವುದು, ಸತ್ಯವನ್ನು ಇನ್‌ಕಲ್ಕೇಟ್ ಮಾಡುವುದು. ಹಾಜರಿ ಪುಸ್ತಕದಲ್ಲಿ ದಿನಾ ಸುಳ್ಳು ಬರೆಯುವವನೂ ಇದನ್ನು ಬರೆದು ಕೆಳಗೆ ಸಹಿ ಹಾಕುತ್ತಿದ್ದ.

ಪ್ರತಿ ಜೂನ್‌ನಲ್ಲಿ ಹೊಸ ತಂಡ ಬಂದಾಗ ಕಲಿಸುವ ಕ್ರಿಯಾಪದಗಳ ಮೂಲವನ್ನು ನಾನು ಬಿಡಿಸಿ ಹೇಳುತ್ತಿದ್ದೆ. ಎಜುಕೇಟ್ ಎಂದರೆ ಒಳಗೆ ಇದ್ದುದನ್ನು ಹೊರಗೆ ಕರೆದು ತರುವುದು. ಇನ್‌ಸ್ಟ್ರಕ್ಟ್ ಎಂದರೆ ಒಂದರ ಮೇಲೊಂದು ಇಟ್ಟು ಕಟ್ಟುವುದು. ಇವೆರಡೂ ಸರಿಯಾಗಿಯೇ ಇದ್ದವು. ಮೂರನೆಯದಕ್ಕೆ ಬಂದಾಗ ನನಗೆ ಹುರುಪು ಏರುತ್ತಿತ್ತು. "ಇನ್‌ಕಲ್ಕೇಟ್ ಅಂದರ ಬಿತ್ತೂದು! ಕಲ್ಟಿವೇಟ್ ಅನ್ನೋದರ ಖಾಸಾ ತಮ್ಮ ಇದು. ಮಾಸ್ತರ ಅಂದರ ರೈತ, ಹುಡುಗರ ತಲಿ ಅಂದರ ಎರಿ ಹೊಲ," ಎನ್ನುತ್ತ, ಬೀಜ ಬಿತ್ತುವ ಕೂರಿಗೆ ಹಿಡಿದವನ ಹಾಗೆ ಕೈ ಮಾಡಿ ಖೋಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಜೈನಾಪುರ, ಕಾಖಂಡಕಿ ಕಡೆಯ ರೈತರ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಇದನ್ನು ನನಗೆ ಹೇಳಿದವರು ನನ್ನ ಮಾಸ್ತರರು. ಅವರಿಗೆ ಯಾರು ಹೇಳಿದರೋ ಶಿವನೇ ಬಲ್ಲ. ನಿಘಂಟು ತೆಗೆದು ನೋಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಬಿತ್ತಿ ಉಣ್ಣುವ ನಾಡಿನಲ್ಲಿ ಹುಟ್ಟಿದವನಿಗೆ ಒಳ್ಳೆಯದೆಲ್ಲ ಬಿತ್ತನೆಯಿಂದಲೇ ಬಂದದ್ದು ಎಂದು ತೋರುತ್ತದೆ. ಸಾವಿರದ ಒಂಬೈನೂರಾ ಅರವತ್ತರಲ್ಲಿ ಶಿಕ್ಷಕರ ಸಮ್ಮೇಳನವೊಂದರಲ್ಲಿ ಇದೇ ಭಾಷಣ ಮಾಡಿದೆ, ಕೂರಿಗೆಯ ಅಭಿನಯ ಸಮೇತ. ಶಾಲಾ ಇನ್‌ಸ್ಪೆಕ್ಟರ್ ಅಂಬಾದಾಸರಾಯರು ಎದ್ದು ಬಂದು ನನಗೆ ಹಾರ ಹಾಕಿದರು.

ದಶರಥ ಬಂದದ್ದು ಅರವತ್ತೊಂದರ ತಂಡದಲ್ಲಿ. ತಿಕೋಟಾದ ಊರ ಹೊರಗಿನ ಕೇರಿಯವನು. ಅವನ ಅಪ್ಪ ಭಾಗಪ್ಪ, ಮಾಳಿಗೆ ಮನೆಗಳಿಗೆ ಹಾಕುವ ಮಣ್ಣಿನ ರಾಡಿಯನ್ನು ತುಳಿದು ಹದ ಮಾಡುವವನು. ಮಣ್ಣಿಗೆ ನೀರು, ಹೊಟ್ಟು ಬೆರೆಸಿ ದಿನಗಟ್ಟಲೆ ಕಾಲಿನಿಂದ ತುಳಿಯಬೇಕು, ಇಲ್ಲವಾದರೆ ಮಾಳಿಗೆ ಸೋರುತ್ತದೆ. ತಿಕೋಟಾದಲ್ಲಿ ಸೋರದ ಮಾಳಿಗೆ ಯಾವುದಾದರೂ ಇದ್ದರೆ ಅದಕ್ಕೆ ಭಾಗಪ್ಪನ ಕಾಲು ಬಿದ್ದಿದೆ ಎಂದೇ ಲೆಕ್ಕ. ಆ ಮಾಳಿಗೆಯ ಕೆಳಗೆ ಮಾತ್ರ ಅವನನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಐವತ್ತೇಳರಲ್ಲಿ ಆ ಮನೆಯವರು ಬೌದ್ಧರಾದರು. ಜಗುಲಿಯ ಮೇಲಿನ ದೇವರುಗಳನ್ನು ಇಳಿಸಿ ಬುದ್ಧನ ಪಟ ಇಟ್ಟ ದಿನವೇ ಭಾಗಪ್ಪ ಮಗನಿಂದ ಮಾತು ತೆಗೆದುಕೊಂಡನಂತೆ: ಇನ್ನು ಮುಂದೆ ನಿನ್ನ ಕಾಲು ಯಾರ ರಾಡಿಯಲ್ಲೂ ಇಳಿಯಬಾರದು.

ದಶರಥ ಮ್ಯಾಟ್ರಿಕ್ ಮುಗಿಸಿ ಕಾಖಂಡಕಿಯಲ್ಲಿ ಎರಡು ವರ್ಷ ತರಬೇತಿ ಇಲ್ಲದ ಮಾಸ್ತರನಾಗಿದ್ದ. ಅಂಥವರಿಗೆ ಇದ್ದದ್ದು ಒಂದೇ ಅವಕಾಶ. ಆ ವರ್ಷ ಪಾಸಾದರೆ ನೌಕರಿ ಕಾಯಂ, ನಾಪಾಸಾದರೆ ಜೂನ್ ಒಂದಕ್ಕೆ ಮನೆಗೆ. ಮನೆಗೆ ಎಂದರೆ ಅವನಿಗೆ ರಾಡಿಗೆ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಮೊದಲ ಬೆಂಚಿನಲ್ಲಿ ಕೂಡುತ್ತಿದ್ದ. ಅವನು ನೋಡುವ ರೀತಿ ನನಗೆ ಹಿಡಿಸುತ್ತಿರಲಿಲ್ಲ. ಕೇಳುವವನು ತಲೆ ತಗ್ಗಿಸಿ ಬರೆದುಕೊಳ್ಳಬೇಕು. ಇವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಮಾತು ಎಲ್ಲಿಂದ ಬರುತ್ತಿದೆ ಎಂದು ಹುಡುಕುವವನ ಹಾಗೆ. ಹಾಗಿದ್ದರೂ ಬೈಯಲು ಒಂದು ತಪ್ಪೂ ಸಿಗಲಿಲ್ಲ. ಅಂಗಿ ಸ್ವಚ್ಛ, ಅಕ್ಷರ ದುಂಡಗೆ, ಟಿಪ್ಪಣಿ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ. ತಪ್ಪು ಮಾಡದವನ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಡುವುದು?

ಜನವರಿಯಲ್ಲಿ ಒಂದು ದಿನ, ಎಲ್ಲರೂ ಹೋದ ಮೇಲೆ ನನ್ನ ಖೋಲಿಗೆ ಬಂದ.

"ಸರ್, ಸಿಟ್ಟಾಗಬ್ಯಾಡ್ರಿ. ಒಂದು ಮಾತು ಕೇಳೂದಿತ್ತು."

"ಕೇಳು."

"ಗಾಂಧಿ ಚೌಕದ ಹತ್ರ ವಾಚನಾಲಯದಾಗ ಒಂದು ದೊಡ್ಡ ನಿಘಂಟು ಐತ್ರಿ. ಅದರಾಗ ಇನ್‌ಕಲ್ಕೇಟ್ ನೋಡಿದೆ. ಬಿತ್ತೂದು ಅಂತ ಇಲ್ರಿ ಸರ್. ಲ್ಯಾಟಿನ್ ಭಾಷಾದಾಗ ಕಾಲ್ಕ್ಸ್ ಅಂದರ ಹಿಮ್ಮಡ ಅಂತ್ರಿ. ಹಿಮ್ಮಡಲೆ ಒಳಗ ತುಳಿಯೂದು, ಇದು ಮೂಲ ಅರ್ಥ. ಆಮ್ಯಾಲ, ಹೇಳಿದ್ದ ಹೇಳಿ ಹೇಳಿ ಮನಸಿನಾಗ ಇಳಸೂದು ಅಂತ ಅರ್ಥ ಬಂದೈತಂತ್ರಿ."

ಒಂದು ಚೀಟಿಯಲ್ಲಿ ಅದನ್ನು ಬರೆದುಕೊಂಡು ಬಂದಿದ್ದ. ಎರಡೂ ಕೈಯಿಂದ ಮೇಜಿನ ಮೇಲೆ ಇಟ್ಟು ಹಿಂದೆ ಸರಿದು ನಿಂತ.

"ಇದನ್ನ ವರ್ಗದಾಗ ಯಾಕ ಕೇಳಲಿಲ್ಲ?"

"ಅದು ಛಂದ ಕಾಣಂಗಿಲ್ರಿ ಸರ್. ನೀವು ಹಿರ್ಯಾರು."

ನೋಡಿ, ಅಲ್ಲಿಯೇ ನನಗೆ ಉರಿಯಿತು. ನಾಲ್ಕು ಮಂದಿಯ ಮುಂದೆ ಕೇಳಿದ್ದರೆ ಬೈದು ಕೂಡಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಇವನು ನನ್ನ ಮಾನ ಕಾಯಲು ಬಂದಿದ್ದ! ಬಬಲೇಶ್ವರದ ಜಂಗಮ ಅಯ್ಯನ ಮಾನವನ್ನು ತಿಕೋಟಾದ ಕೇರಿಯವನು ಕಾಯಬೇಕೆ? "ಆತು, ಹೋಗು," ಎಂದು ಕಳಿಸಿ, ಅದೇ ಸಂಜೆ ವಾಚನಾಲಯಕ್ಕೆ ಹೋಗಿ ಆ ನಿಘಂಟು ತೆಗೆದೆ. ಅವನು ಬರೆದುಕೊಂಡಿದ್ದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇಪ್ಪತ್ತೆರಡು ತಂಡಗಳು, ಏಳೆಂಟು ನೂರು ಮಾಸ್ತರರು, ಜಿಲ್ಲೆಯ ಊರೂರಿನಲ್ಲಿ ನನ್ನ ಕೂರಿಗೆ ಹಿಡಿದು ನಡೆಯುತ್ತಿದ್ದರು. ಆ ಪುಟವನ್ನು ಹರಿದು ಕಿಸೆಯಲ್ಲಿ ಇಟ್ಟುಕೊಳ್ಳಬೇಕೆನ್ನಿಸಿತು. ವಾಚನಾಲಯದವನು ನೋಡುತ್ತಿದ್ದ, ಬಿಟ್ಟೆ.

ಮರುದಿನ ದಶರಥನನ್ನು ಕರೆಸಿದೆ. ನಗುತ್ತ ಕರೆಸಿದೆ. ನಾನು ನಕ್ಕರೆ ನಮ್ಮ ಜವಾನ ಲಾಡಲೇಸಾಬ ಕೂಡ ಹೆದರುತ್ತಿದ್ದ.

"ಭೇಷ್ ಲೇ ದಶರಥ! ಛಲೋ ಹುಡಕೀದಿ. ನಿನ್ನ ಪರೀಕ್ಷಾ ಪಾಠಕ್ಕ ಇದ ಶಬ್ದ ತೊಗೊ. ಅಂಬಾದಾಸರಾಯರು ಬರ್ತಾರ, ಅವರ ಮುಂದ ಕಲಸಿ ತೋರಸು."

ಅವನ ಮುಖ ಅರಳಿತು. ಪಾಪದವನು, ಅಷ್ಟು ಹೊತ್ತು ನನ್ನನ್ನು ನಂಬಿದ.

"ಆದರ ನಮ್ಮ ಪದ್ಧತಿ ಗೊತ್ತೈತಲ್ಲ?" ಎಂದೆ.

ನಮ್ಮದು ಡೈರೆಕ್ಟ್ ಮೆಥಡ್. ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕು. ಚೆಂಡು ಎಂಬ ಶಬ್ದ ಕಲಿಸಬೇಕೆಂದರೆ ಚೆಂಡು ತೋರಿಸಬೇಕು, ಕುಣಿ ಎಂಬುದನ್ನು ಕಲಿಸಬೇಕೆಂದರೆ ಕುಣಿಯಬೇಕು. ವರ್ಗದಲ್ಲಿ ಕನ್ನಡದ ಒಂದು ಶಬ್ದವೂ ಬರಕೂಡದು. ಪರೀಕ್ಷಾ ಪಾಠದ ಫಾರ್ಮಿನಲ್ಲಿ ಅದಕ್ಕೆಂದೇ ಒಂದು ಕಲಮು ಇತ್ತು: ಮಾತೃಭಾಷೆ ಬಳಕೆಯಾಯಿತೇ? ಅಲ್ಲಿ ಹೌದು ಎಂದು ಬಿದ್ದರೆ ಪಾಠ ಎಷ್ಟೇ ಚೆನ್ನಾಗಿದ್ದರೂ ನಾಪಾಸು. ಆ ನಿಯಮವನ್ನು ನಮ್ಮ ಶಾಲೆಗೆ ತಂದವನು ನಾನೇ.

"ತುಳಿಯೂದನ್ನ ಬಾಯಿಲೆ ಹೇಳಿದರ ನಡಿಯಂಗಿಲ್ಲ," ಎಂದೆ. "ರಾಡಿ ತಂದು ವರ್ಗದಾಗ ತುಳಿದು ತೋರಸು. ನಿಮ್ಮ ಮನಿ ಕೆಲಸ ಅಲ್ಲೇನು? ನಿನಗ ಯಾರೂ ಕಲಸೂದು ಬ್ಯಾಡ."

ಅರಳಿದ ಮುಖ ಮುಚ್ಚಿತು. "ಸರ್, ನಾ ರಾಡಿ ತುಳಿಯಂಗಿಲ್ರಿ. ಅಪ್ಪಗ ಮಾತು ಕೊಟ್ಟೀನಿ."

"ಹಂಗಾರ ಅಪ್ಪನ್ನ ಕರಕೊಂಡು ಬಾ. ಅವ ತುಳೀಲಿ, ನೀ ಕಲಸು. ಟಿಪ್ಪಣಿಯೊಳಗ ಬೋಧನೋಪಕರಣ ಅಂತ ಬರಿ."

ಬೋಧನೋಪಕರಣ ಎಂದರೆ ನಕಾಶೆ, ಚಿತ್ರ, ಗೋಲ, ಚೆಂಡು, ಮರದ ಗಡಿಯಾರ. ಹೆತ್ತ ತಂದೆಯನ್ನು ಆ ಕಲಮಿನಲ್ಲಿ ಯಾರೂ ಬರೆದದ್ದಿಲ್ಲ. ದಶರಥ ನನ್ನನ್ನು ಬಹಳ ಹೊತ್ತು ನೋಡಿದ. ನಾನು ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಪೂರ್ತಿ ತಿಳಿಯಿತು, ಅದು ನನಗೂ ತಿಳಿಯಿತು.

"ಒಲ್ಲೆ ಅಂದರ್ರಿ?"

"ಒಲ್ಲೆ ಅಂದರ ಪಾಠ ಇಲ್ಲ. ಪಾಠ ಇಲ್ಲ ಅಂದರ ಸರ್ಟಿಫಿಕೇಟ್ ಇಲ್ಲ. ವಿಚಾರ ಮಾಡು."

"ಆತ್ರಿ ಸರ್," ಎಂದು ಹೋದ.

ನನ್ನ ಲೆಕ್ಕ ಹೀಗಿತ್ತು. ಪಾಠ ನಡೆಯುವ ನಮ್ಮ ಅಭ್ಯಾಸ ಶಾಲೆಯ ನಲವತ್ತು ಹುಡುಗರು ಹುಡುಗಿಯರು, ಗೌಡರ, ದೇಸಾಯರ, ಅಂಗಡಿಕಾರರ ಮಕ್ಕಳು. ಅವರ ಮುಂದೆ ಧೋತರ ಎತ್ತಿ ಕಟ್ಟಿದ ಮುದುಕ ರಾಡಿ ತುಳಿಯುತ್ತಾನೆ, ಮಗ ಪಕ್ಕದಲ್ಲಿ ನಿಂತು ಇಂಗ್ಲಿಷ್ ಹೇಳುತ್ತಾನೆ. ಹುಡುಗರು ನಗುತ್ತಾರೆ. ಅಂಬಾದಾಸರಾಯರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಇನ್ನು ಮುಂದೆ ದಶರಥ ಯಾವ ನಿಘಂಟನ್ನೂ ಮುಟ್ಟುವುದಿಲ್ಲ.

ಪರೀಕ್ಷೆಗೆ ಮೂರು ದಿನ ಮುಂಚೆ ಲಾಡಲೇಸಾಬ ಬಂದು ಹೇಳಿದ: "ಅಯ್ಯಾರ, ದಶರಥನ ಅಪ್ಪ ಬಂದಾನ್ರಿ. ಬಸ್ಸಿನ ಮ್ಯಾಲೆ ಎರಡು ಬುಟ್ಟಿ ಮಣ್ಣು ಹೇರಿಕೊಂಡು ಬಂದಾನ. ಹಿಂದ ಬೇವಿನ ಗಿಡದ ಬುಡಕ ನೆನಿ ಹಾಕಾಕತ್ತಾನ."

ಹೋಗಿ ನೋಡಿದೆ. ಅರವತ್ತರ ಆಚೆಯ ಸಣಕಲು ಮನುಷ್ಯ. ಎರಡು ಕಾಲು ಮಾತ್ರ ಬೇರೆ ಯಾರದೋ ದೊಡ್ಡ ಮನುಷ್ಯನವು ಎನ್ನುವಂತೆ ಅಗಲವಾಗಿದ್ದವು. ನನ್ನನ್ನು ಕಂಡವನೇ ತಲೆಗೆ ಸುತ್ತಿದ ರುಂಬಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ದೂರದಲ್ಲೇ ನೆಲ ಮುಟ್ಟಿ ನಮಸ್ಕಾರ ಮಾಡಿದ.

"ಯಪ್ಪಾ, ನಿಮ್ಮ ಉಪಕಾರ ಏಳು ಜನ್ಮಕ್ಕೂ ತೀರಂಗಿಲ್ರಿ. ಸರಕಾರದ ಸಾಲ್ಯಾಗ ನನ್ನ ಕಾಲಿಗೆ ಮರ್ಯಾದಿ ಕೊಟ್ರಿ. ಮಗ ಮೊದಲ ಬ್ಯಾಡ ಅಂದನ್ರಿ, ನಾನ ಹಟ ಹಿಡಿದು ಬಂದೀನಿ."

"ಮೂರು ದಿನ ಯಾಕ ಮುಂಚೆ ಬಂದಿ?"

"ಅವಸರದ ಮಣ್ಣು ಹದಕ್ಕ ಬರಂಗಿಲ್ರಿ. ದೊಡ್ಡ ಸಾಹೇಬ್ರು ನೋಡೂ ರಾಡಿ, ಒಂದು ಗಂಟು ಇರಬಾರದಲ್ರಿ." ಆಮೇಲೆ ದನಿ ತಗ್ಗಿಸಿ ಹೇಳಿದ: "ಮಗ ಹೇಳ್ಯಾನ್ರಿ, ಒಳಗ ತುಟಿ ಬಿಚ್ಚಬ್ಯಾಡ, ಒಂದು ಮಾತಾಡಿದರ ನನ್ನ ನೌಕರಿ ಹೊಕ್ಕೈತಿ ಅಂತ. ಬಿಚ್ಚಂಗಿಲ್ರಿ ಯಪ್ಪಾ. ಕಲ್ಲಿನಂಗ ಇರ್ತೀನಿ."

ಮೂರು ದಿನ ಅವನು ಅಲ್ಲಿಯೇ ಇದ್ದ. ಲಾಡಲೇಸಾಬ ತನ್ನ ಮನೆಯಿಂದ ರೊಟ್ಟಿ ತಂದು ಕೊಡುತ್ತಿದ್ದ, ತನ್ನ ಕಪ್ಪಿನಲ್ಲೇ ಚಹಾ ಕುಡಿಸುತ್ತಿದ್ದ. ಅದನ್ನು ಕಂಡು ನಾನು ಲಾಡಲೇಸಾಬನಿಗೆ ಬೇರೆ ಕೆಲಸ ಹಚ್ಚಿದೆ.

ಮಾರ್ಚ್ ಮೊದಲ ವಾರ, ಮುಂಜಾನೆ ಹನ್ನೊಂದಕ್ಕೆ ಕಾಲು ಗಂಟೆಯ ಪಾಠ. ಹತ್ತನೆಯ ವರ್ಗ. ಹಿಂದಿನ ಬೆಂಚಿನಲ್ಲಿ ಅಂಬಾದಾಸರಾಯರು, ಪಕ್ಕದಲ್ಲಿ ನಾನು, ಮುಂದೆ ಫಾರ್ಮು. ಕಪ್ಪುಹಲಗೆಯ ಹತ್ತಿರ ಗೋಣಿತಟ್ಟು ಹಾಸಿ, ಅದರ ಮೇಲೆ ಅಗಲವಾದ ಕಬ್ಬಿಣದ ಬುಟ್ಟಿಯಲ್ಲಿ ರಾಡಿ ಇಟ್ಟಿತ್ತು. ಭಾಗಪ್ಪ ಒಗೆದ ಧೋತರ ಉಟ್ಟು ಗೋಡೆಗೆ ಹತ್ತಿ ನಿಂತಿದ್ದ. ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡಿದ್ದ.

ಟಿಪ್ಪಣಿಯಲ್ಲಿ ದಶರಥ ಬರೆದದ್ದು, ಒಬ್ಬ ಕೂಲಿಯವನನ್ನು ತೋರಿಸುವುದು ಎಂದು. ನಾನೇ ಹಾಗೆ ಬರೆಸಿದ್ದೆ. ಹುಡುಗರು ಆಗಲೇ ಒಬ್ಬರನ್ನೊಬ್ಬರು ತಿವಿದು ಮುಸಿಮುಸಿ ನಗುತ್ತಿದ್ದರು. ದಶರಥ ಅಪ್ಪನ ಕಡೆಗೆ ಕೈ ತೋರಿಸಿ ಹೇಳಿದ: "ದಿಸ್ ಈಸ್ ಮೈ ಫಾದರ್."

ನಗುತ್ತಿದ್ದವರು ಬಾಯಿ ಮುಚ್ಚಿದರು. ಅವರವರಿಗೆ ಅವರವರ ಅಪ್ಪ ನೆನಪಾದನೋ ಏನೋ. ನನ್ನ ಲೆಕ್ಕ ಮೊದಲ ವಾಕ್ಯದಲ್ಲೇ ತಪ್ಪಿತು.

ಭಾಗಪ್ಪ ಬುಟ್ಟಿಯಲ್ಲಿ ಇಳಿದು ತುಳಿಯತೊಡಗಿದ. ಮೊದಲು ತುದಿಗಾಲಿನಿಂದ, ಆಮೇಲೆ ಮೆಲ್ಲಗೆ ಹಿಮ್ಮಡಿಯಿಂದ. ಅವನೇನು ಮಾಡುತ್ತಿದ್ದಾನೆ ಎಂದು ಮಗ ಇಂಗ್ಲಿಷಿನಲ್ಲಿ ಕೇಳಿದ. ತುಳಿಯುತ್ತಿದ್ದಾನೆ ಎಂದು ಮಕ್ಕಳು ಇಂಗ್ಲಿಷಿನಲ್ಲೇ ಹೇಳಿದರು. ಯಾವುದರಿಂದ? ಹಿಮ್ಮಡಿಯಿಂದ. ಒಮ್ಮೆ ತುಳಿದರೆ ಸಾಕೇ? ಸಾಲದು, ಮತ್ತೆ ಮತ್ತೆ ತುಳಿಯಬೇಕು. ಹಲಗೆಯ ಮೇಲೆ ಲ್ಯಾಟಿನ್ನಿನ ಹಿಮ್ಮಡಿಯನ್ನು ಬರೆದ, ಅದರ ಹಿಂದೆ ಒಳಗೆ ಎಂಬುದನ್ನು ಬರೆದ, ಎರಡನ್ನೂ ಕೂಡಿಸಿದ. ನಿಮ್ಮ ತಾಯಿ ಸುಳ್ಳು ಹೇಳಬೇಡ ಎಂದು ದಿನಾ ಹೇಳುತ್ತಾಳೆ, ನೂರು ಸಲ ಹೇಳುತ್ತಾಳೆ, ಬೇಸರಪಡದೆ ಹೇಳುತ್ತಾಳೆ, ಹಾಗಾದರೆ ಆಕೆ ಏನು ಮಾಡುತ್ತಾಳೆ? ಹಿಂದಿನ ಸಾಲಿನ ಒಬ್ಬ ಹುಡುಗಿ, ಅಲ್ಲಿಯತನಕ ಶಾಲೆಯಲ್ಲಿ ಬಾಯಿ ಬಿಡದವಳು, ಎದ್ದು ನಿಂತು ಹೇಳಿದಳು: "ಶಿ ಇನ್‌ಕಲ್ಕೇಟ್ಸ್ ಟ್ರೂತ್, ಸರ್."

ಗಡಿಯಾರ ನೋಡಿದೆ. ಒಂಬತ್ತು ನಿಮಿಷ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಯಾವ ಶಿಷ್ಯನೂ, ಸುಳ್ಳು ಯಾಕೆ ಹೇಳಲಿ, ನಾನೂ ಅಂಥ ಪಾಠ ಮಾಡಿರಲಿಲ್ಲ.

ಅಂಬಾದಾಸರಾಯರು ಮೂಗು ಮುಚ್ಚಿಕೊಳ್ಳಲಿಲ್ಲ. ಮುಂದಕ್ಕೆ ಬಾಗಿ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ನಗು ತಡೆಯುತ್ತ ಕೇಳಿದರು: "ಗುರುಪಾದಯ್ಯನವರ, ಹಂಗಾದ್ರ ಸಮ್ಮೇಳನದಾಗ ನೀವು ಬಿತ್ತಿದ್ದು ಏನ್ರೀ? ನಾ ಹಾರ ಬ್ಯಾರೆ ಹಾಕೇನಿ."

ಅವರಿಗೆ ಅದು ಚೇಷ್ಟೆ. ನನಗೆ ಕಿವಿಯಲ್ಲಿ ಕಾದ ಸೀಸ ಸುರಿದ ಹಾಗಾಯಿತು. ಪಾಠ ಮುಗಿಯಲು ಇನ್ನು ಐದೇ ನಿಮಿಷ. ಮುಗಿದರೆ ದಶರಥ ಪಾಸು, ಬರೀ ಪಾಸಲ್ಲ, ಮೊದಲನೆಯವನು. ನಾಳೆ ಜಿಲ್ಲೆಯ ತುಂಬ ಅಂಬಾದಾಸರಾಯರು ಈ ಕಥೆ ಹೇಳುತ್ತಾರೆ.

ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ. ಭಾಗಪ್ಪನ ಕಡೆಗೆ ನೋಡಿ, ಮೆತ್ತಗಿನ ದನಿಯಲ್ಲಿ, ಕನ್ನಡದಲ್ಲಿ ಕೇಳಿದೆ:

"ಯಾಕೋ ಭಾಗಪ್ಪಾ, ಹಿಮ್ಮಡಲೆ ಯಾಕ ತುಳೀತಿ? ಬೆರಳಲೆ ತುಳಿದರ ಆಗಂಗಿಲ್ಲೇನು?"

ಅಯ್ಯನವರು ಕೇಳಿದರೆ ಅವನಂಥವನು ಸುಮ್ಮನಿರುವಂತಿಲ್ಲ. ಅವನ ಅಪ್ಪ ಸುಮ್ಮನಿರಲಿಲ್ಲ, ಅವನ ಅಜ್ಜ ಸುಮ್ಮನಿರಲಿಲ್ಲ. ಬುದ್ಧನ ಪಟ ಜಗುಲಿಗೆ ಬಂದು ಐದು ವರ್ಷವಾಗಿತ್ತು, ನಮ್ಮ ಭಯ ಮೈಯಲ್ಲಿ ಇಳಿದು ಎಷ್ಟು ತಲೆಮಾರಾಗಿತ್ತೋ. ಇದನ್ನು ಬಲ್ಲೆನೆಂದೇ ನಾನು ಕೇಳಿದ್ದು. ದಶರಥ ಹಲಗೆಯ ಮೇಲೆ ಬರೆಯುತ್ತಿದ್ದ ಖಡು ನಿಂತಿತು. ಅವನು ಅಪ್ಪನ ಕಡೆಗೆ ತಲೆ ಅಲ್ಲಾಡಿಸಿದ. ಭಾಗಪ್ಪ ಮಗನನ್ನು ನೋಡಿದ, ನನ್ನನ್ನು ನೋಡಿದ. ತುಟಿ ಬಿಗಿ ಹಿಡಿದ. ನಾನು ಇನ್ನೊಮ್ಮೆ ಕೇಳಿದೆ, "ಹೇಳೋ ಭಾಗಪ್ಪಾ." ಅವನು ಕೈಮುಗಿದ.

"ಬೆರಳಲೆ ತುಳಿದರ ಮ್ಯಾಲಷ್ಟ ಮೆತ್ತಗ ಆಗತೈತ್ರಿ ಯಪ್ಪಾ. ಒಳಗ ಗಂಟು ಹಂಗ ಉಳೀತಾವು. ಗಂಟು ಉಳಿದ ಮಣ್ಣು ಮಳಿಗಾಲದಾಗ ಬಾಯಿ ಬಿಡತೈತಿ. ಹಿಮ್ಮಡ ಊರಿ, ಮೈಭಾರ ಬಿಟ್ಟು, ಸಾವಕಾಶ ತುಳೀಬೇಕ್ರಿ. ಸಿಟ್ಟೀಲೆ ತುಳೀಬಾರದು. ಸಿಟ್ಟೀಲೆ ತುಳಿದರ ಮಣ್ಣು ಸಿಡೀತೈತಿ, ಕೂಡಂಗಿಲ್ಲ."

ಕಲಿಸುವುದೆಂದರೆ ಏನು ಎಂದು ಅದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ನಾನು ಕೂತು, ಫಾರ್ಮಿನಲ್ಲಿ ಆ ಕಲಮಿನ ಎದುರಿಗೆ ಹೌದು ಎಂದು ಬರೆದೆ.

ನಾನು ಬರೆಯುವುದನ್ನು ದಶರಥ ನೋಡಿದ. ಆದರೂ ಬಿಡಲಿಲ್ಲ. ವರ್ಗದ ಕಡೆಗೆ ತಿರುಗಿ ಅಪ್ಪ ಆಡಿದ ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಂದು ಮಕ್ಕಳಿಗೆ ಕೊಟ್ಟ. ಗಂಟು, ಮೈಭಾರ, ಸಾವಕಾಶ, ಸಿಟ್ಟು, ಯಾವುದನ್ನೂ ಬಿಡಲಿಲ್ಲ. ಆ ಖೋಲಿಯಲ್ಲಿ ಅಷ್ಟು ಒಳ್ಳೆಯ ಇಂಗ್ಲಿಷ್ ನಾನು ಕೇಳಿರಲಿಲ್ಲ. ಗಂಟೆ ಹೊಡೆದಾಗ ಮಕ್ಕಳು ತಾವಾಗಿಯೇ ಎದ್ದು ನಿಂತರು. ಏನು ಮಾಡಿದರೇನು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ವರ್ಗ ಖಾಲಿಯಾದ ಮೇಲೆ ಅಂಬಾದಾಸರಾಯರು ಫಾರ್ಮು ನೋಡಿ ಕನ್ನಡಕ ತೆಗೆದರು.

"ಇದೇನ್ರೀ ಇದು? ಮಾತಾಡಿಸಿದವರು ನೀವಲ್ಲಾ?"

"ನಾ ಕೇಳಿದ್ದು ಉಪಕರಣಕ್ಕ. ಉಪಕರಣ ತನ್ನ ಹಿಡಿತದಾಗ ಇಟ್ಕೊಳ್ಳೂದು ಶಿಕ್ಷಕನ ಜವಾಬ್ದಾರಿ. ಇನ್‌ಸ್ಪೆಕ್ಷನ್ ವ್ಯಾಳ್ಯಾದಾಗ ಯಾರು ಬೇಕಾದರೂ ಏನರ ಕೇಳಬಹುದು."

"ಪಾಠ ಛೊಲೊ ಅದ ಅಲ್ರೀ. ಇಂಥಾದ್ದು ನಾ ನೋಡಿಲ್ಲ."

"ನಾನೂ ನೋಡಿಲ್ಲ. ನಿಯಮ ಬಿಟ್ಟು ಪಾಸ್ ಮಾಡೂದಿದ್ದರ ಮಾಡ್ರಿ ರಾಯರ. ನಾ ಮ್ಯಾಲಿನವರಿಗೆ ಬರೀತೀನಿ, ಇಂಥಾವರಿಗೆ ಇಂಥಾ ಸಾಹೇಬ್ರು ನಿಯಮ ಸಡಲಿಸ್ಯಾರ ಅಂತ."

ಅವರಿಗೆ ಆ ವರ್ಷ ಬಡ್ತಿ ಬರುವುದಿತ್ತು. ಕಿಟಕಿಯ ಹೊರಗೆ ನೋಡಿದರು. ಬೇವಿನ ಗಿಡದ ಕೆಳಗೆ ಭಾಗಪ್ಪ ಕಾಲು ತೊಳೆದುಕೊಳ್ಳುತ್ತಿದ್ದ. ರಾಯರು ಆ ಕಡೆಗೇ ಮುಖ ಇಟ್ಟುಕೊಂಡು, ಕಾಗದ ನೋಡದೆ ಸಹಿ ಹಾಕಿದರು. ಹೋಗುವಾಗ ನನಗೆ ನಮಸ್ಕಾರ ಹೇಳಲಿಲ್ಲ. ಹೇಳದಿದ್ದರೆ ಹೋಯಿತು, ಸಹಿ ಬಿದ್ದಿತ್ತಲ್ಲ!

ಇಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಜೂನ್ ಒಂದಕ್ಕೆ ಕಾಖಂಡಕಿಗೆ ಬೇರೆ ಮಾಸ್ತರ ಹೋಗುವುದು, ದಶರಥ ರಾಡಿಗೆ ಇಳಿಯುವುದು, ಎರಡೂ ಆ ಕಾಗದದಲ್ಲಿ ಇದ್ದವು. ನಾನು ಮನೆಗೆ ಹೋಗಿ ಉಣ್ಣಬಹುದಿತ್ತು. ಹೋಗಲಿಲ್ಲ. ಪಡಸಾಲೆಗೆ ಬಂದು ನಿಂತೆ.

ಭಾಗಪ್ಪ ಹಸಿ ಕಾಲಲ್ಲೇ ಓಡಿ ಬಂದು ಮೆಟ್ಟಿಲ ಕೆಳಗೆ ನಿಂತ. ಅವನ ಹಿಂದೆ ದಶರಥ ಅವಸರವಾಗಿ ಬಂದು ಅಪ್ಪನ ರಟ್ಟೆ ಹಿಡಿದ.

"ಯಪ್ಪಾ ನಡಿ, ಬಸ್ ತಪ್ಪತೈತಿ. ಪಾಸ್ ಆಗೇನಿ ಅಂತ ಹೇಳಿದೆನಲ್ಲ."

"ಅಯ್ಯಾರ ಬಾಯಿಂದ ಒಮ್ಮೆ ಕೇಳ್ತೀನಿ ತಡಿಯೋ. ಕಿವಿ ತಂಪಾಗಲಿ," ಎಂದ ಮುದುಕ.

ದಶರಥ ತಲೆ ಎತ್ತಿ ನನ್ನನ್ನು ನೋಡಿದ. ಮಾರ್ಕು ಕೇಳಲು ಅವನು ನನ್ನ ಬಾಗಿಲಿಗೆ ಬಂದಿರಲಿಲ್ಲ, ನೌಕರಿಗಾಗಿ ಅತ್ತಿರಲಿಲ್ಲ. ಈಗ ಅಪ್ಪನ ಬೆನ್ನ ಹಿಂದೆ, ಅಪ್ಪನಿಗೆ ಕಾಣದ ಹಾಗೆ, ಎರಡೂ ಕೈ ಜೋಡಿಸಿದ. ಬೇಡ ಎಂದು ತಲೆ ಅಲ್ಲಾಡಿಸಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದೇ ಮೊದಲ ಸಲ ಕಂಡೆ. ಇದೊಂದನ್ನು ಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ಆದರೆ ಆ ಒಂಬತ್ತು ನಿಮಿಷ ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು.

"ನಿನ್ನ ಮಗ ನಾಪಾಸ್ ಆಗ್ಯಾನೋ ಭಾಗಪ್ಪಾ," ಎಂದೆ. "ಪಾಠ ಛಲೋ ಮಾಡಿದ್ದ. ಅವನ ತಪ್ಪಿಲ್ಲ. ನೀ ಮಾತಾಡಿದಿ. ಅದಕ್ಕ ಅವನ ನೌಕರಿ ಹೋತು."

ಮುದುಕನಿಗೆ ಮೊದಲು ತಿಳಿಯಲಿಲ್ಲ. ನಗುವ ಹಾಗೆ ಇಟ್ಟುಕೊಂಡಿದ್ದ ಬಾಯಿ ಹಾಗೆಯೇ ಇತ್ತು. ಮಗನ ಕಡೆಗೆ ತಿರುಗಿದ. ಮಗ ನೆಲ ನೋಡುತ್ತಿದ್ದ. ಆಗ ತಿಳಿಯಿತು. ಎರಡೂ ಅಂಗೈಯಿಂದ ತನ್ನ ಬಾಯಿಗೆ ಪಟಪಟ ಬಡಿದುಕೊಂಡ. ದಶರಥ ಆ ಕೈಗಳನ್ನು ಹಿಡಿದುಕೊಂಡ. "ಬಿಡೋ, ಬಿಡೋ," ಎಂದು ಮುದುಕ ಬಿಡಿಸಿಕೊಂಡು ಮತ್ತೆ ಬಡಿದುಕೊಂಡ. ತುಟಿ ಒಡೆದು ರಕ್ತ ಬಂತು. ಲಾಡಲೇಸಾಬ ದೂರದಲ್ಲಿ ನಿಂತು ನನ್ನನ್ನು ನೋಡುತ್ತಿದ್ದ. ನಾನು ಅವನ ಕಡೆಗೆ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಭಾಗಪ್ಪ ತಾನೇ ಬಡಿದುಕೊಳ್ಳುವುದನ್ನು ಬಿಟ್ಟ. ಆಮೇಲೆ ಒಂದು ಮೆಟ್ಟಿಲು ಹತ್ತಿ, ಹತ್ತಿದ್ದು ತಪ್ಪೆಂದು ಮತ್ತೆ ಇಳಿದು, ನನ್ನ ಮುಖ ನೋಡಿದ. ಜಗಳಕ್ಕೆ ಬಂದವನ ಮುಖವಲ್ಲ ಅದು. ದೊಡ್ಡವರು ನೂರು ಕೆಲಸದಲ್ಲಿ ಮರೆತಿರುತ್ತಾರೆ, ನೆನಪು ಮಾಡಿಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವನ ಮುಖ.

"ನೀವ ಅಲ್ಲೇನ್ರಿ ಯಪ್ಪಾ, ಕೇಳಿದವರು?"

ಮಗ ರಟ್ಟೆ ಹಿಡಿದು ಎಳೆದುಕೊಂಡು ಹೋಗುವತನಕ ಅವನು ಅಲ್ಲಿಯೇ ನಿಂತು ನನ್ನ ಉತ್ತರಕ್ಕೆ ಕಾಯುತ್ತಿದ್ದ.